ಮೊಬೈಲಿನ ಪಾಠವೂ ನಾಲಗೆಯ ರೂಢಿಯೂ

ಊರಿನಿಂದ ಹೊಸದಾಗಿ ಹೈದರಾಬಾದಿಗೆ ಬಂದ ಹೋಟೆಲ್ ಹುಡುಗರು ಮೊಬೈಲ್ ಆ್ಯಪುಗಳಿಂದ ತೆಲುಗು, ಹಿಂದಿ ಕಲಿಯುವುದೂ, ಇಲ್ಲಿಯೇ ಹುಟ್ಟಿದ ನಮ್ಮ ಗುಮಾಸ್ತರ ಮಕ್ಕಳು ಅವುಗಳಿಂದಲೇ ಕನ್ನಡ ಕಲಿಯುವುದೂ ಈಚೆಗೆ ಬಳಕೆಗೆ ಬಂದಿದೆ. ಈ ಸಾಧನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೆಲಸ ಮುಗಿದ ಮೇಲೆ, ಯಾರ ನಗೆಗೂ ಅಂಜದೆ, ಹತ್ತು ನಿಮಿಷ ಪಾಠ ದೊರೆಯುವುದು ಸಾಮಾನ್ಯ ಉಪಕಾರವಲ್ಲ. ಕೇಂದ್ರ ಸರಕಾರವು 2021ರಲ್ಲಿ ಹೊರತಂದ ‘ಭಾಷಾ ಸಂಗಮ’ ಆ್ಯಪ್ ಕನ್ನಡ, ತೆಲುಗುಗಳೂ ಸೇರಿದಂತೆ 22 ಭಾಷೆಗಳ ನಿತ್ಯೋಪಯೋಗಿ ವಾಕ್ಯಗಳನ್ನು ಕಲಿಸಲು ಹೊರಟಿತು.

ಆದರೆ ಪಾಠ ಮುಗಿದುದು ಬೇರೆ, ಮಾತು ಬಂದುದು ಬೇರೆ. ಆ್ಯಪುಗಳ ಅನೇಕ ಅಭ್ಯಾಸಗಳಲ್ಲಿ ನಾಲ್ಕು ಉತ್ತರಗಳು ಕಣ್ಣೆದುರಿಗಿರುತ್ತವೆ, ಸರಿಯಾದುದನ್ನು ಗುರುತಿಸಿದರಾಯಿತು. ಟೇಬಲಿನ ಮುಂದೆ ಕುಳಿತ ಗಿರಾಕಿಯು ಅಂಥ ಅನುಕೂಲವನ್ನು ಮಾಡಿಕೊಡುವುದಿಲ್ಲ. ‘ನಹೀಂ ಚಾಹಿಯೇ’ ಎಂದು ಕಲಿತು ಬಂದವನಿಗೆ ಅವನು ‘ನಕ್ಕೋ’ ಎನ್ನುತ್ತಾನೆ. ಯಾರಿಗೆ ‘ಕೂರ್ಚೋ’ ಎನ್ನಬೇಕು, ಯಾರಿಗೆ ‘ಕೂರ್ಚೋಂಡಿ’ ಎನ್ನಬೇಕು ಎಂಬುದನ್ನು ಎದುರಿನ ಮುಖವೇ ಕಲಿಸಬೇಕು. ಕನ್ನಡಿಗನಿಗೆ ಇನ್ನೊಂದು ಅಪಾಯವೂ ಉಂಟು. ಹಾಲು ತೆಲುಗಿನಲ್ಲಿ ‘ಪಾಲು’, ಹುಲಿ ‘ಪುಲಿ’, ಅಕ್ಷರಗಳೂ ಹತ್ತಿರದವು. ಬೇಗನೆ ಅರ್ಥವಾಗುವುದರಿಂದ, ಮಾತನಾಡಲೂ ಬಂದಿತೆಂದು ಅವನು ಬೇಗನೆ ಭ್ರಮಿಸುತ್ತಾನೆ.

ಕಲಿತುದರ ಬಹುಭಾಗವು ಒಂದು ದಿನದೊಳಗೆ ಜಾರಿಹೋಗುವುದೆಂದೂ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದುದು ಹೆಚ್ಚು ನಿಲ್ಲುವುದೆಂದೂ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಪ್ರಯೋಗಗಳಿಂದ ತೋರಿಸಿದನು. ದಿನವೂ ಪಾಠವನ್ನು ನೆನಪಿಸುವುದೇ ಆ್ಯಪಿನ ನಿಜವಾದ ಬಲ. ಆದರೆ ನೆನಪಿನಲ್ಲಿ ನಿಂತ ಪದಗಳು ಬಾಯಿಗೆ ಬರಬೇಕಾದರೆ ಉತ್ತರಕ್ಕಾಗಿ ಕಾಯುವ ಮನುಷ್ಯನೊಬ್ಬನು ಬೇಕು. ಹುಡುಗನು ಈ ಊರಿನಲ್ಲಿ ಅಂಥವರನ್ನು ದಿನವೂ ನೂರಾರು ಮಂದಿಯನ್ನು ಕಾಣುತ್ತಾನೆ. ಇಂದಲ್ಲ ನಾಳೆ ಅವನಿಗೆ ಮಾತು ಬರುತ್ತದೆ.

ನಮಗೆ ಹೆಚ್ಚಿನ ಚಿಂತೆಯಿರುವುದು ಮಕ್ಕಳ ವಿಷಯದಲ್ಲಿ. 2018ರ ಶಾಸನದಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಅದು ನ್ಯಾಯವೇ. ಇಂಗ್ಲಿಷು ಪುಸ್ತಕದಿಂದ, ಹಿಂದಿ ಬೀದಿಯಿಂದ ಬರುತ್ತದೆ. ಕನ್ನಡಕ್ಕೆ ಉಳಿದುದು ಮನೆಯೊಂದೇ. ಆ ಮನೆಯೂ ತನ್ನ ಕೆಲಸವನ್ನು ಮೊಬೈಲಿಗೆ ಒಪ್ಪಿಸಿದರೆ, ಊರಿನಿಂದ ಫೋನು ಮಾಡಿದ ಅಜ್ಜಿಗೆ ಮೊಮ್ಮಗುವಿನಿಂದ ‘ಹೂಂ’, ‘ಊಹೂಂ’ಗಳಾಚೆ ಏನೂ ಕೇಳಿಸದು.

ಆದುದರಿಂದ ಹೋಟೆಲ್ ಮಾಲೀಕರು ಹೊಸ ಹುಡುಗನನ್ನು ಅಡಿಗೆಮನೆಯಲ್ಲೇ ಇಡದೆ ದಿನಕ್ಕೊಂದು ಗಂಟೆಯಾದರೂ ಟೇಬಲಿಗೆ ಬಿಡಲಿ. ತಪ್ಪು ನುಡಿದರೆ ಗದರಿಸದೆ ತಿದ್ದಲಿ. ಗುಮಾಸ್ತ ಬಂಧುಗಳು ರಾತ್ರಿಯ ಊಟದ ಹೊತ್ತನ್ನು ಕನ್ನಡಕ್ಕೆ ಮೀಸಲಿಡಲಿ. ಮೊಬೈಲು ಪಾಠ ಹೇಳಿಕೊಡಲಿ. ಮಕ್ಕಳೊಡನೆ ಮಾತನಾಡುವ ಹೊಣೆ ನಮ್ಮದೇ.