ಕಮ್ಯುನಿಕೇಶನ್ ವೀಕ್

ಹೋದ ವರ್ಷ ಫ್ರೆಶರ್‌ಗಳನ್ನು ಆರಿಸುವ ಪ್ಯಾನೆಲ್‌ನಲ್ಲಿ ನಾನೂ ಇದ್ದೆ. ಊಟದ ಹೊತ್ತಿಗೆ ಬಂದ ಹುಡುಗ ರಾಯಚೂರು ಕಡೆಯವನು, ಸರ್ಕಾರಿ ಕಾಲೇಜು. ಕೊಟ್ಟ ಪ್ರಾಬ್ಲಮ್ಮನ್ನು ಹದಿನೈದೇ ನಿಮಿಷದಲ್ಲಿ ಬೋರ್ಡಿನ ಮೇಲೆ ಬಿಡಿಸಿಟ್ಟ, ಅದೂ ನನಗೆ ಹೊಳೆಯದೇ ಇದ್ದ ದಾರಿಯಲ್ಲಿ. ಆಮೇಲೆ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದೆ. ಅಲ್ಲಿ ಮುಗ್ಗರಿಸಿದ. ಪದಗಳಿಗೆ ತಡಕಾಡಿದ, ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ನಾನು ಫಾರ್ಮಿನಲ್ಲಿ ‘ಕಮ್ಯುನಿಕೇಶನ್ ವೀಕ್’ ಅಂತ ಬರೆದೆ. ಅವನ ನಂತರ ಬಂದವನು ನನ್ನ ಹಾಗೇ ಮೈಸೂರಿನವನು. ಪ್ರಾಬ್ಲಂ ಅರ್ಧಕ್ಕೇ ನಿಂತಿತು. ಆದರೆ ನಾನು ಓದಿದಂಥದ್ದೇ ಕಾನ್ವೆಂಟು, ನನ್ನಂಥದ್ದೇ ಟ್ರೆಕ್ಕಿಂಗ್ ಹುಚ್ಚು. ಇಪ್ಪತ್ತು ನಿಮಿಷ ಹರಟಿದೆವು. ‘ಗುಡ್ ಕಲ್ಚರ್ ಫಿಟ್’ ಅಂತ ಬರೆದೆ. ಕೆಲಸ ಅವನಿಗೆ ಸಿಕ್ತು.

ಆ ದಿನ ಇದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಅನ್ನಿಸಲೇ ಇಲ್ಲ. ಸಂಜೆ ನೆಮ್ಮದಿಯಾಗಿ ಕ್ಯಾಬ್ ಹತ್ತಿದ್ದೆ.

ಅನ್ನಿಸಿದ್ದು ಅಕ್ಕನ ಮಗಳಿಂದ. ಪಿಯುಸಿಯಲ್ಲಿ ತೊಂಬತ್ತೈದು ಪರ್ಸೆಂಟ್ ತೆಗೆದು, ಬಿಎಗೆ ಸೇರಿ ಸಮಾಜಶಾಸ್ತ್ರ ಓದ್ತೀನಿ ಅಂದಳು ಪುಣ್ಯಾತ್ಗಿತ್ತಿ. ಮನೆಯಲ್ಲಿ ಸೂತಕದ ವಾತಾವರಣ. ಅವಳಿಗೆ ಬುದ್ಧಿ ಹೇಳುವ ಕೆಲಸ ನನಗೆ ಬಂತು. ‘ಅದೆಲ್ಲ ಕಾಮನ್ ಸೆನ್ಸು ಕಣೇ, ಅದಕ್ಕೆ ಡಿಗ್ರಿ ಯಾಕೆ?’ ಅಂದೆ. ಅವಳು ವಾದ ಮಾಡಲಿಲ್ಲ. ಹೋಗುವಾಗ ಸಿ. ರೈಟ್ ಮಿಲ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1959ರಲ್ಲಿ ಬರೆದ ಪುಸ್ತಕವೊಂದನ್ನು ಸೋಫಾದ ಮೇಲೆ ಬಿಟ್ಟು ಹೋದಳು. ಮರೆತು ಹೋದಳು ಅಂತ ನಾನು ನಂಬಿಲ್ಲ.

ಮಿಲ್ಸ್ ಹೇಳೋದು ಸರಳ. ಒಂದು ಲಕ್ಷ ಜನರ ಊರಿನಲ್ಲಿ ಒಬ್ಬನಿಗೆ ಮಾತ್ರ ಕೆಲಸ ಇಲ್ಲ ಅಂದರೆ ಅದು ಅವನ ಸ್ವಂತ ಕಷ್ಟ, ಅವನ ಸ್ವಭಾವ ನೋಡಿ, ಕೌಶಲ ನೋಡಿ. ಐದು ಕೋಟಿ ದುಡಿಯುವವರಿರುವ ದೇಶದಲ್ಲಿ ಒಂದೂವರೆ ಕೋಟಿ ಜನರಿಗೆ ಕೆಲಸ ಇಲ್ಲ ಅಂದರೆ ಒಬ್ಬೊಬ್ಬನ ಸ್ವಭಾವ ಹುಡುಕಿ ಪ್ರಯೋಜನ ಇಲ್ಲ. ಅದು ಸಾರ್ವಜನಿಕ ಪ್ರಶ್ನೆ, ಕೆಟ್ಟಿರೋದು ವ್ಯವಸ್ಥೆ. ಯಾವುದು ಖಾಸಗಿ ಕಷ್ಟ, ಯಾವುದು ಸಾರ್ವಜನಿಕ ಪ್ರಶ್ನೆ ಅಂತ ಬೇರ್ಪಡಿಸಿ ನೋಡುವ ಕಣ್ಣು ಬೇಕು ಅನ್ನೋದು ಅವನ ವಾದ.

ನಮ್ಮಂಥವರಿಗೆ ಇಲ್ಲದೇ ಇರೋದು ಈ ಕಣ್ಣೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತಿರುತ್ತೇವೆ. ಒಬ್ಬೊಬ್ಬರ ಕಿವಿಯಲ್ಲೂ ಟೈಮ್ ಮ್ಯಾನೇಜ್‌ಮೆಂಟ್ ಕುರಿತ ಪಾಡ್‌ಕಾಸ್ಟು. ಬೆಳಿಗ್ಗೆ ಐದಕ್ಕೆ ಎದ್ದರೆ ಬದುಕು ಸರಿಹೋಗುತ್ತದೆ ಅಂತ ಅದರೊಳಗಿನವನು ಹೇಳುತ್ತಾನೆ, ನಾವು ತಲೆಯಾಡಿಸುತ್ತೇವೆ. ರಾತ್ರಿ ಹನ್ನೊಂದರ ಕಾಲ್‌ಗಳಿಂದ ಇಡೀ ಫ್ಲೋರಿಗೇ ನಿದ್ದೆಯಿಲ್ಲ. ಕಂಪನಿ ಮೈಂಡ್‌ಫುಲ್‌ನೆಸ್ ಸೆಷನ್ ಇಡುತ್ತದೆ. ‘ನನ್ನದೇ ಏನೋ ಪ್ರಾಬ್ಲಂ’ ಅಂದುಕೊಂಡು ಕಣ್ಣು ಮುಚ್ಚಿ ಕೂರುತ್ತೇವೆ. ಇಡೀ ಫ್ಲೋರೇ ಕಣ್ಣು ಮುಚ್ಚಿ ಕೂತಿದೆ ಅನ್ನೋದು ಯಾರಿಗೂ ಕಾಣುವುದಿಲ್ಲ, ಕಣ್ಣು ಮುಚ್ಚಿರುವುದರಿಂದ.

ಸೋತಾಗ ನಮ್ಮನ್ನೇ ಬೈದುಕೊಳ್ಳುವ ಈ ಚಾಳಿಯೇ ಗೆದ್ದಾಗ ‘ನನ್ನ ಮೆರಿಟ್’ ಅಂತ ಬೀಗುತ್ತದೆ. ನನ್ನ ಮೆರಿಟ್ಟಿನ ಕಥೆ ಕೇಳಿ. ತಾತ ಮಹಾರಾಜರ ಸರ್ಕಾರದಲ್ಲಿ ಗುಮಾಸ್ತ. ಅಪ್ಪನಿಗೆ ಬ್ಯಾಂಕ್ ಕೆಲಸ ಸಿಕ್ಕಿದ್ದು 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾಗಿ ಊರೂರಿಗೂ ಶಾಖೆಗಳು ಬಂದ ಮೇಲೆ. ಮನೆಗೆ ಇಂಗ್ಲಿಷ್ ಪೇಪರ್ ಬರುತ್ತಿತ್ತು, ಅಮ್ಮ ಗಣಿತ ಹೇಳಿಕೊಡುತ್ತಿದ್ದಳು. ಸಿಇಟಿಗೆ ಹಗಲು ರಾತ್ರಿ ಓದಿದ್ದು ನಾನೇ, ಅದು ಸುಳ್ಳಲ್ಲ. ಆದರೆ ಓದುವಾಗ ಹೊಲಕ್ಕೆ ಬಾ ಅಂತ ಯಾರೂ ಕರೆದಿರಲಿಲ್ಲ. ‘ಜಾತಿಯೆಲ್ಲ ಹಳ್ಳಿ ಕಡೆ’ ಅಂತ ನಾನು ಬ್ರಾಹ್ಮಣನಾಗಿ ಬೆಂಗಳೂರಿನಲ್ಲಿ ಬಹಳ ವರ್ಷ ನಂಬಿದ್ದೆ. ಬಾಡಿಗೆ ಮನೆ ಹುಡುಕುವಾಗ ಮಾಲೀಕರು ‘ವೆಜ್ಜಾ?’ ಅಂದರೆ ಸಂತೋಷದಿಂದ ‘ಹೌದು’ ಅಂದು ಅಡ್ವಾನ್ಸ್ ಕೊಟ್ಟವನು ನಾನು. ಆ ಪ್ರಶ್ನೆಗೆ ‘ಇಲ್ಲ’ ಅನ್ನಬೇಕಾದವನಿಗೆ ಈ ನಗರ ಬೇರೆ ಥರ ಕಾಣುತ್ತದೆ.

ಮೆರಿಟ್ ವಾದವೂ ಹೊಸದಲ್ಲ. 1918ರಲ್ಲಿ ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ ಎಂಬ ದೂರು ಎದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬ ಆತಂಕ. ಕೊನೆಗೆ ದಿವಾನಗಿರಿಯನ್ನೇ ಬಿಟ್ಟರು. ನೂರು ವರ್ಷ ಆಯ್ತು. ನಮ್ಮ ಕ್ಯಾಂಟೀನಿನಲ್ಲಿ ಇವತ್ತೂ ಅದೇ ಮಾತು, ಸ್ವಲ್ಪ ಇಂಗ್ಲಿಷ್ ಜಾಸ್ತಿ.

ಈಗ ರಾಯಚೂರಿನ ಹುಡುಗನಿಗೆ ಬರೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಅಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಅಂದರೆ ಒಬ್ಬ ಹುಡುಗ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ತಡವರಿಸಿದ್ದನ್ನು ನಾನು ಅವನ ಸ್ವಭಾವ ಅಂತ ಓದಿದೆ. ಹಾಗೆ ತಡವರಿಸುವವರು ನಮ್ಮಲ್ಲಿಗೆ ಯಾವ ಕಡೆಯಿಂದ ಬರುತ್ತಾರೆ ಅಂತ ನಕ್ಷೆ ಹರಡಿ ನೋಡಿದ್ದರೆ ಉತ್ತರ ಬೇರೆ ಇರುತ್ತಿತ್ತು. ನಮ್ಮ ಪ್ಯಾನೆಲ್‌ನಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಅವನ ಜಾತಿ ಕೇಳಲಿಲ್ಲ, ಊರಿನ ಬಗ್ಗೆ ಹಗುರವಾಗಿ ಮಾತಾಡಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಫಾರ್ಮಿನ ಎರಡು ಕಾಲಂಗಳು ಆ ಕೆಲಸ ಮಾಡಿ ಮುಗಿಸಿದವು.

‘ಹಾಗಾದ್ರೆ ವ್ಯಕ್ತಿಯ ಪ್ರಯತ್ನಕ್ಕೆ ಬೆಲೆಯೇ ಇಲ್ವಾ? ಎಲ್ಲರೂ ವ್ಯವಸ್ಥೆ ಸರಿ ಇಲ್ಲ ಅಂತ ಕೈಕಟ್ಟಿ ಕೂತ್ಕೊಳ್ಳೋದಾ?’ ಅಂತ ಗೆಳೆಯ ಕೇಳಿದ. ನಾನೂ ಮೊದಲು ಕೇಳಿದ್ದು ಇದನ್ನೇ. ಆದರೆ ಆ ಹುಡುಗ ಕೈಕಟ್ಟಿ ಕೂತಿರಲಿಲ್ಲವಲ್ಲ ಮಾರಾಯ, ಬೋರ್ಡಿನ ಮುಂದೆ ನಿಂತಿದ್ದ. ಪ್ರಯತ್ನವನ್ನು ಲೆಕ್ಕಕ್ಕೆ ತಗೊಳ್ಳದೇ ಇದ್ದವನು ನಾನು.

ಹೊರಗೆ ನಿಂತು ನೋಡುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ತಂಗಿ ಅಧ್ಯಯನ ಮಾಡಿದರು. ತಮ್ಮ ಬರಹದಲ್ಲಿ ಅದನ್ನು ರಾಂಪುರ ಅಂತ ಕರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳು ಆಹುತಿಯಾದಾಗ ಬಹುಪಾಲು ನೆನಪಿನಿಂದಲೇ ಪುಸ್ತಕ ಬರೆದರು, ಅದು 1976ರಲ್ಲಿ ಬಂತು. ತಾನು ಮೇಲ್ಜಾತಿಯವನು, ಊರಿನ ಯಜಮಾನನ ಆಸರೆಯಲ್ಲಿ ಇದ್ದವನು, ಹಾಗಾಗಿ ತನಗೆ ಹಳ್ಳಿ ಕಂಡಿದ್ದು ಆ ಜಾಗದಿಂದ ಅಂತ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಅಷ್ಟು ದೊಡ್ಡ ವಿದ್ವಾಂಸರಿಗೇ ಆ ತೊಡಕು ಇತ್ತು. ನಮಗೋ, ನಾವು ಎಲ್ಲಿ ನಿಂತಿದ್ದೇವೆ ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಯಾರೂ ನಮ್ಮನ್ನು ಅದನ್ನು ಕೇಳಲಿಲ್ಲ. ಥರ್ಮೋಡೈನಮಿಕ್ಸ್ ಕೇಳಿದರು. ಅದು ಈಗ ನೆನಪಿಲ್ಲ.

ಈ ವರ್ಷ ಮತ್ತೆ ಪ್ಯಾನೆಲ್‌ಗೆ ಹಾಕಿದ್ದಾರೆ. ‘ಕಲ್ಚರ್ ಫಿಟ್’ ಕಾಲಂ ತೆಗೆಯಿರಿ, ಸಂದರ್ಶನ ಬೇಕಾದವರಿಗೆ ಕನ್ನಡದಲ್ಲೂ ಮಾಡೋಣ ಅಂತ ಎಚ್‌ಆರ್‌ಗೆ ಮೇಲ್ ಹಾಕಿದೆ. ಫಾರ್ಮು ಗ್ಲೋಬಲ್ ಟೆಂಪ್ಲೇಟ್ ಅಂತೆ, ಮುಟ್ಟುವ ಹಾಗಿಲ್ಲವಂತೆ. ಕನ್ನಡದ ಬಗ್ಗೆ ಉತ್ತರವೇ ಬಂದಿಲ್ಲ. ನಾಳೆ ಹತ್ತಕ್ಕೆ ಮೊದಲ ಸಂದರ್ಶನ, ರೆಸ್ಯೂಮೆ ಮುಂದಿದೆ. ಹುಡುಗಿ ದೇವದುರ್ಗದವಳು. ಆ 39ರ ಪಟ್ಟಿಯಲ್ಲಿ ಆ ತಾಲ್ಲೂಕೂ ಇದೆ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳ್ತೀನಿ ಅಂತ ಪ್ಯಾನೆಲ್‌ನ ಉಳಿದ ಇಬ್ಬರಿಗೂ ಈಗ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಟಿಕ್ ಬಂದಿವೆ.