ಮಯೋನೀಸ್: ಮನೆಯಲ್ಲಿ ಮಾಡಿದ ಮಾತ್ರಕ್ಕೆ ಹಿತವೇ?

ಹೊಸನಗರ, ಸಾಗರ, ತೀರ್ಥಹಳ್ಳಿಗಳಂತಹ ಮಲೆನಾಡಿನ ಪೇಟೆಗಳಲ್ಲಿಯೂ ಈಚಿನ ವರ್ಷಗಳಲ್ಲಿ ಮಯೋನೀಸ್ ಎಂಬ ಬಿಳಿಯ ವ್ಯಂಜನವು ಪರಿಚಿತವಾಗಿದೆ. ಮೊಮೊ, ಬರ್ಗರ್, ಸ್ಯಾಂಡ್‌ವಿಚ್‌ಗಳೊಡನೆ ಬಂದ ಇದನ್ನು ಮಕ್ಕಳು ಈಗ ಚಪಾತಿಗೂ ಬಯಸುತ್ತಿದ್ದಾರೆ. "ಅಂಗಡಿಯದು ಬೇಡ, ಮನೆಯಲ್ಲಿಯೇ ಮಾಡಿಕೊಡುತ್ತೇವೆ, ಆಗ ದೋಷವಿಲ್ಲವಲ್ಲವೇ?" ಎಂದು ಭಕ್ತ ಕುಟುಂಬಗಳ ತಾಯಂದಿರು ನಮ್ಮನ್ನು ಕೇಳುವುದುಂಟು. ಮನೆಯಲ್ಲಿ ಮಾಡಿದ್ದೆಂಬ ಒಂದೇ ಕಾರಣದಿಂದ ಯಾವ ಆಹಾರವೂ ಹಿತವಾಗದು. ಯಾವ ದ್ರವ್ಯದಿಂದ, ಯಾವ ಪ್ರಮಾಣದಲ್ಲಿ, ಯಾವ ಕಾಲದಲ್ಲಿ ಎಂಬ ಮೂರು ಪ್ರಶ್ನೆಗಳೇ ಅದರ ಹಿತಾಹಿತವನ್ನು ನಿರ್ಣಯಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಈ ಪದಾರ್ಥದ ಸ್ವರೂಪವನ್ನು ತಿಳಿಯೋಣ. ಎಣ್ಣೆಯೂ ನಿಂಬೆರಸವೂ ತಾವಾಗಿ ಬೆರೆಯುವುದಿಲ್ಲ. ಮೊಟ್ಟೆಯ ಹಳದಿ ಭಾಗದಲ್ಲಿರುವ ಲೆಸಿಥಿನ್ ಎಂಬ ಅಂಶವು ಎರಡನ್ನೂ ಹಿಡಿದು ನಿಲ್ಲಿಸುತ್ತದೆ. ಎಣ್ಣೆಯನ್ನು ಹನಿಹನಿಯಾಗಿ ಸುರಿಯುತ್ತ ಕಡೆದರೆ ಒಂದು ಹಳದಿ ಭಾಗವು ಸುಮಾರು 200 ಮಿಲಿಲೀಟರ್ ಎಣ್ಣೆಯನ್ನು ಹೀರಿಕೊಂಡು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಇದೇ ಮೂಲ ಮಯೋನೀಸ್. ಇದು ಯಾವ ಹಂತದಲ್ಲಿಯೂ ಬೆಂಕಿಯನ್ನು ಕಾಣುವುದಿಲ್ಲ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುವಿದ್ದರೆ ಅದು ಸಾಯದೆ ಉಳಿಯುತ್ತದೆ. ವಾಂತಿ, ಭೇದಿ, ಜ್ವರಗಳನ್ನು ತರುತ್ತದೆ. ಈ ಭಯದಿಂದಲೇ 2023ರ ಜನವರಿಯಲ್ಲಿ ಕೇರಳ, 2024ರ ಅಕ್ಟೋಬರ್ 30ರಂದು ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರಗಳು ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿದವು. ಹೋಟೆಲಿನ ಅಡುಗೆಮನೆಯಲ್ಲಿ ಬದುಕುವ ರೋಗಾಣು ನಮ್ಮ ಮನೆಯ ಅಡುಗೆಮನೆಯಲ್ಲಿಯೂ ಬದುಕಬಲ್ಲದು.

ಮೊಟ್ಟೆಯನ್ನು ಸೇವಿಸದ ಭಕ್ತರಿಗೆ ಇನ್ನೊಂದು ಎಚ್ಚರವೂ ಅಗತ್ಯ. ಪೊಟ್ಟಣದ ಮೇಲಾದರೆ ಸಸ್ಯಾಹಾರವನ್ನು ಸೂಚಿಸುವ ಹಸಿರು ಚುಕ್ಕೆಯನ್ನು ನೋಡಿ ತಿಳಿಯಬಹುದು. ತಟ್ಟೆಯಲ್ಲಿ ಬಡಿಸಿದ ಮುದ್ದೆಗೆ ಅಂತಹ ಗುರುತಿಲ್ಲ. ಸಂಕೋಚಪಡದೆ ಕೇಳಬೇಕು, ಮಕ್ಕಳಿಗೂ ಕೇಳುವುದನ್ನು ಕಲಿಸಬೇಕು.

ಹಾಗಾದರೆ ಮೊಟ್ಟೆಯಿಲ್ಲದೆ ಮನೆಯಲ್ಲಿ ಮಾಡುವ ಬಗೆಯೇನು? ಈಗ ಪ್ರಚಾರದಲ್ಲಿರುವ ಕ್ರಮದಲ್ಲಿ ಅರ್ಧ ಬಟ್ಟಲು ತಣ್ಣನೆಯ ಹಾಲಿಗೆ ಒಂದು ಬಟ್ಟಲು ಎಣ್ಣೆ, ಉಪ್ಪು, ಸಾಸಿವೆಪುಡಿ, ನಿಂಬೆರಸಗಳನ್ನು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸುತ್ತಾರೆ. ಹಾಲಿನ ಪ್ರೋಟೀನು ಮೊಟ್ಟೆಯ ಕೆಲಸವನ್ನು ಮಾಡುತ್ತದೆ. ಹಸಿ ಮೊಟ್ಟೆಯ ಅಪಾಯವೇನೋ ತಪ್ಪಿತು. ಆದರೆ ಎರಡು ದೋಷಗಳು ಉಳಿದವು.

ಮೊದಲನೆಯದು ಪ್ರಮಾಣದ ದೋಷ. ಇದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆಯೇ ಇದೆ. ಒಂದು ದೊಡ್ಡ ಚಮಚದಲ್ಲಿ ಹತ್ತು ಗ್ರಾಂನಷ್ಟು ಎಣ್ಣೆ ಹೊಟ್ಟೆ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ದಿನಕ್ಕೆ 2000 ಕಿಲೊಕ್ಯಾಲರಿ ಬೇಕಾಗುವ ವ್ಯಕ್ತಿಯ ಊಟಕ್ಕೆ ಸೂಚಿಸಿರುವ ಎಣ್ಣೆ-ತುಪ್ಪಗಳ ಪಾಲು 27 ಗ್ರಾಂ. ಮೂರು ಚಮಚ ಮಯೋನೀಸ್‌ನಲ್ಲಿಯೇ ಆ ಪಾಲು ತೀರಿತು. ಪಲ್ಯದ ಎಣ್ಣೆ, ದೋಸೆಯ ಎಣ್ಣೆ ಬೇರೆ.

ಎರಡನೆಯದು ಸಂಯೋಗದ ದೋಷ. ಚರಕಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯವು ವಿರುದ್ಧಾಹಾರವನ್ನು ವಿವರಿಸುತ್ತ, ಹಾಲಿನೊಡನೆ ಹುಳಿ ಪದಾರ್ಥಗಳನ್ನು ಸೇವಿಸಬಾರದೆಂದು ಹೇಳುತ್ತದೆ. ಹಾಲಿಗೆ ಉಪ್ಪನ್ನು ಬೆರೆಸುವುದನ್ನೂ ಆಯುರ್ವೇದವು ಒಪ್ಪುವುದಿಲ್ಲ. ಭಕ್ತರು ಗಾಬರಿಗೊಳ್ಳಬೇಕಾಗಿಲ್ಲ. ವ್ಯಾಯಾಮಶೀಲರಿಗೆ, ತರುಣರಿಗೆ, ಜಠರಾಗ್ನಿ ಪ್ರಬಲವಾಗಿರುವವರಿಗೆ, ಅಲ್ಪಪ್ರಮಾಣದಲ್ಲಿ ಸೇವಿಸಿದವರಿಗೆ ಇಂತಹ ಆಹಾರವು ಬಾಧಿಸದೆಂದು ಅದೇ ಅಧ್ಯಾಯವು ತಿಳಿಸುತ್ತದೆ. ಒಂದು ದಿನ ತಿಂದದ್ದು ರೋಗವಾಗದು, ನಿತ್ಯದ ಅಭ್ಯಾಸವಾದರೆ ತೊಂದರೆ. ಅದರಲ್ಲಿಯೂ ಜಠರಾಗ್ನಿಯು ಕುಂದಿರುವ ಮಳೆಗಾಲದಲ್ಲಿ ಇಷ್ಟು ಜಿಡ್ಡು ಸುಲಭವಾಗಿ ಜೀರ್ಣವಾಗದು.

ಹಾಗೆಂದು ಮಯೋನೀಸನ್ನು ಮನೆಯೊಳಗೆ ಬಿಟ್ಟುಕೊಳ್ಳಲೇಬಾರದೆನ್ನುವ ಹಿರಿಯರ ವಾದವನ್ನೂ ನಾವು ಒಪ್ಪುವುದಿಲ್ಲ. ಮನೆಯಲ್ಲಿ ಬೇಡವೆಂದದ್ದನ್ನು ಮಕ್ಕಳು ಪೇಟೆಯಲ್ಲಿ ತಿನ್ನುತ್ತಾರೆ. ಇಂದು ನಮ್ಮ ಅಡುಗೆಗೆ ಅನಿವಾರ್ಯವಾದ ಮೆಣಸಿನಕಾಯಿಯೂ ಪೋರ್ಚುಗೀಸರೊಡನೆ ಕಡಲು ದಾಟಿ ಬಂದದ್ದೇ. ನಮ್ಮ ತಾಲ್ಲೂಕಿನ ಬಿದನೂರು ನಗರವನ್ನು ರಾಜಧಾನಿಯಾಗಿಸಿಕೊಂಡಿದ್ದ ಕೆಳದಿಯ ಬಸವಪ್ಪ ನಾಯಕರು ತಮ್ಮ 'ಶಿವತತ್ತ್ವರತ್ನಾಕರ'ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿತ್ತರು. ಅಡುಗೆಯು ವಿವೇಕದಿಂದ ಕಲಿಯಬೇಕಾದ ವಿದ್ಯೆ. ಹೊಸದನ್ನೂ ಅದೇ ವಿವೇಕದಿಂದ ಸ್ವೀಕರಿಸಬಹುದು.

ದಾರಿಯು ನಮ್ಮ ಮನೆಯಲ್ಲಿಯೇ ಇದೆ. ಮಲೆನಾಡಿನ ತಾಯಂದಿರು ತೆಂಗಿನಕಾಯಿಯೊಡನೆ ಸಾಸಿವೆಯನ್ನು ಅರೆದು, ಮೊಸರು ಬೆರೆಸಿ 'ಸಾಸಿವೆ' ಎಂಬ ವ್ಯಂಜನವನ್ನು ಮಾಡುತ್ತ ಬಂದಿದ್ದಾರೆ. ಮಯೋನೀಸ್‌ಗೆ ಸಾಸಿವೆ ಹಾಕುವುದು ರುಚಿಗಾಗಿ ಮಾತ್ರವಲ್ಲ. ಸಾಸಿವೆಕಾಳಿನ ಸಿಪ್ಪೆಯಲ್ಲಿರುವ ಲೋಳೆಯು ಎಣ್ಣೆ ಮತ್ತು ನೀರನ್ನು ಬೇರ್ಪಡದಂತೆ ಹಿಡಿಯಲು ನೆರವಾಗುತ್ತದೆ. ಈ ಗುಣವನ್ನೇ ಬಳಸಿಕೊಳ್ಳೋಣ.

ಎರಡು ಬಟ್ಟಲು ಹುಳಿಯಿಲ್ಲದ ಗಟ್ಟಿ ಮೊಸರನ್ನು ಶುಭ್ರವಾದ ತೆಳುಬಟ್ಟೆಯಲ್ಲಿ ಕಟ್ಟಿ, ತಂಪಾದ ಸ್ಥಳದಲ್ಲಿ ಎರಡು ಗಂಟೆ ತೂಗುಹಾಕಿ ನೀರನ್ನು ಬಸಿಯಿರಿ. ಎರಡು ಚಮಚ ತೆಂಗಿನತುರಿ, ನಾಲ್ಕು ಕಾಳುಮೆಣಸು, ಸ್ವಲ್ಪ ಶುಂಠಿಯನ್ನು ನುಣ್ಣಗೆ ಅರೆದು, ಕೊನೆಯಲ್ಲಿ ಅರ್ಧ ಚಹಾಚಮಚ ಸಾಸಿವೆ ಹಾಕಿ ತಿರುಗಿಸಿ; ಸಾಸಿವೆಯನ್ನು ಬಹಳ ಹೊತ್ತು ಅರೆದರೆ ಕಹಿಯಾಗುತ್ತದೆ. ಬಸಿದ ಮೊಸರು, ಉಪ್ಪು, ಎರಡು ಚಹಾಚಮಚ ಎಣ್ಣೆಯನ್ನು ಸೇರಿಸಿ ಕಡೆಯಿರಿ. ಮೊಸರಿನಲ್ಲಿಯೇ ಹುಳಿಯಿರುವುದರಿಂದ ನಿಂಬೆರಸ ಬೇಕಿಲ್ಲ. ಒಂದು ಬಟ್ಟಲು ಎಣ್ಣೆಯ ಸ್ಥಾನದಲ್ಲಿ ಎರಡು ಚಹಾಚಮಚ ಸಾಕಾಯಿತು.

ಇದಕ್ಕೂ ನಿಯಮಗಳಿವೆ. ರಾತ್ರಿ ಮೊಸರನ್ನು ಸೇವಿಸಬಾರದೆಂದು ಶಾಸ್ತ್ರವು ಹೇಳುವುದರಿಂದ ಇದನ್ನು ಹಗಲಿನಲ್ಲಿಯೇ ಬಳಸಬೇಕು. ಮೊಸರನ್ನು ಬಿಸಿ ಮಾಡಬಾರದು. ಆದುದರಿಂದ ಕಾವಲಿಯಿಂದ ಇಳಿಸಿದ ಬ್ರೆಡ್ಡು ಆರಿದ ಬಳಿಕ ಹಚ್ಚಬೇಕು. ಆಮ್ಲಪಿತ್ತ, ಚರ್ಮದ ತುರಿಕೆಗಳಿರುವವರು ಇದನ್ನು ಮಿತಗೊಳಿಸುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದ ನಮ್ಮ ಊರುಗಳಲ್ಲಿ ಫ್ರಿಜ್ಜನ್ನು ನಂಬಿ ವಾರಕ್ಕಾಗುವಷ್ಟು ಮಾಡಿಡುವುದು ಸಲ್ಲದು. ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಡಬ್ಬಿ ತುಂಬಿ ಕಳುಹಿಸುವುದೂ ಬೇಡ. ಅವರಿಗೆ ಚಟ್ನಿಪುಡಿಯೇ ಕ್ಷೇಮ.

ಮಗು ಬಯಸಿದ್ದನ್ನು ಮನೆಯಲ್ಲಿ ಮಾಡಿಕೊಡುವ ತಾಯಿಯ ಪ್ರೀತಿಯು ದೊಡ್ಡದು. ಆ ಪ್ರೀತಿಯೊಡನೆ ಎಣ್ಣೆಯ ಅಳತೆಯೂ ಹೊತ್ತಿನ ಪರಿವೆಯೂ ಇದ್ದರೆ ಮನೆಯ ಅಡುಗೆಯು ನಿಜವಾಗಿ ಆರೋಗ್ಯವನ್ನು ಕಾಯುತ್ತದೆ.