ಈಜುಕೊಳಕ್ಕೆ ಜೋಗ ಬೇಕೇ?

ತೋಟದ ಮನೆಗೊಂದು ಈಜುಕೊಳ ಅಂದರೆ ಆಗಲಿ ಬಿಡಿ, ಅವರವರ ದುಡ್ಡು. ಆದರೆ ಅದರ ತಲೆಗೆ ಆಳೆತ್ತರದ ಕಲ್ಲುಗೋಡೆ ಕಟ್ಟಿ ಜೋಗ ಇಳಿಸ್ತೀವಿ ಅಂತಾರಲ್ಲ, ಅಲ್ಲಿ ನನ್ನ ತಕರಾರು.

ಲೆಕ್ಕ ನೋಡ್ರಿ. ಎರಡಡಿ ಅಗಲಕ್ಕೆ ನೀರು ಹರಿಯದ ಹಾಳೆಯಂಗ ಬೀಳಬೇಕಾದರೆ ನಿಮಿಷಕ್ಕೆ ಸುಮಾರು 90 ಲೀಟರ್ ಬೇಕು. ಆರಡಿ ಮಾಡಿದರೆ 270! 'ಅದೇ ನೀರು ತಿರುಗ್ತದ, ಖರ್ಚೆಲ್ಲಿ?' ಅಂತ ಮಾರುವವರು ನಗ್ತಾರೆ. ಎತ್ತರದಿಂದ ಬಿದ್ದದ್ದು ಹೊರಗೆ ಸಿಡೀತದ, ಗಾಳಿಗೆ ಆರ್ತದ ಸ್ವಾಮಿ. ಆ ಕೊರತೆ ತುಂಬೋದು ಬೋರ್‌ವೆಲ್ಲು. ಹಾನಗಲ್ಲಿನದು ಅರೆಮಲೆನಾಡು, ಸವಣೂರಿನ ಕಡೆ ಆ ಮಳೆ ಎಲ್ಲಿದೆ? ಗಡಸು ನೀರಾದರಂತೂ ಬೀಳುವ ಅಂಚಿಗೆ ಸುಣ್ಣ ಕಟ್ಟಿ, ಹಾಳೆ ಹೋಗಿ ಚಿಂದಿ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಶಿಗ್ಗಾಂವಿಯಲ್ಲಿ ಕೇಳೋರಿಲ್ಲ ಅಂತ ಸುರಿಯೋದೇ? ಹಿರೇಕೆರೂರು ಕಡೆಯ ಮದಗ-ಮಾಸೂರು ಕೆರೆ ಕೂಡ ಕೋಡಿ ಬಿದ್ದಾಗಷ್ಟೇ ಜಲಪಾತ ತೋರಿಸ್ತದ!

ಫಿಲ್ಟರ್ ಲೈನಿಗೇ ಒಂದು 'ಟೀ' ಹಾಕಿ ಮುಗಿಸ್ತೀನಿ ಅನ್ನೋ ಪ್ಲಂಬರನ್ನ ಗೇಟಿನಿಂದಲೇ ಕಳಿಸಿ. ವಾಲ್ವ್ ಇಲ್ಲದಿದ್ದರೆ ಫಿಲ್ಟರ್ ಓಡುವಷ್ಟು ಹೊತ್ತೂ ನೀರು ಸುರಿಯುತ್ತಲೇ ಇರ್ತದ. ಬೇಕೇ ಬೇಕು ಅಂದರೆ ಒಂದಡಿ ಎತ್ತರ, ಎರಡಡಿ ಅಗಲ ಸಾಕು. ಬೇರೆ ಪಂಪು, ಎರಡಿಂಚಿನ ಪೈಪು, ಆದಷ್ಟು ಕಡಿಮೆ ಎಲ್ಬೋ, ಹರಿವು ತಗ್ಗಿಸಲು ಬಾಲ್ ವಾಲ್ವ್, ಕೂತಲ್ಲೇ ಆರಿಸಲು ಸ್ವಿಚ್ಚು. ಉಳಿದ ಕಲ್ಲು-ಸಿಮೆಂಟಿನ ದುಡ್ಡಿಗೆ ಚಾವಣಿ ಮಳೆನೀರು ಹಿಡಿಯೋ ತೊಟ್ಟಿ ಕಟ್ಟಿಸಿ. ಕೊಳ ತುಂಬೋಕೆ ಆದೀತು.